ಗೋಡೆಯ ಮೇಲಿನ ಬೀಜ
(ಫೆರಿಯೀಕ ಎಂಬ ಪತಂಗಕುಲದ ಅಂಗರಚನೆ ಮತ್ತು ವರ್ಗೀಕರಣ)

— ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ

ನಮ್ಮ ಮನೆಗಳ ಗೋಡೆಯ ಮೇಲೆ, ವಿಶೇಷವಾಗಿ ಬಚ್ಚಲ ಮಗ್ಗುಲಲ್ಲಿಯೂ ಹಂಡೆಯಿಟ್ಟ ಮೂಲೆಯಲ್ಲಿಯೂ, ಸೌತೆಬೀಜದಂತೆ ಚಪ್ಪಟೆಯಾದ, ಬೂದು ಬಣ್ಣದ ಒಂದು ವಸ್ತು ಅಂಟಿಕೊಂಡಿರುವುದನ್ನು ವಾಚಕರೆಲ್ಲರೂ ಕಂಡಿರಬೇಕು. ಮುಟ್ಟಿದರೆ ಮರಳು ಮರಳಾಗಿರುತ್ತದೆ. ಸುಣ್ಣದ ಚಕ್ಕೆಯೆಂದು ಭಾವಿಸಿ ಪೊರಕೆಯಿಂದ ಉದುರಿಸಿಬಿಡುತ್ತೇವೆ. ಆದರೆ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕುಳಿತರೆ ಆ ಬೀಜದ ಒಂದು ತುದಿಯಿಂದ ಕಂದು ಬಣ್ಣದ ತಲೆಯೊಂದು ಹೊರಬಂದು, ಆರು ಕಾಲುಗಳನ್ನು ಗೋಡೆಗೆ ಊರಿ, ಬೀಜವನ್ನೇ ಎಳೆದುಕೊಂಡು ಹೊರಡುತ್ತದೆ. ಕಡ್ಡಿಯಿಂದ ಮುಟ್ಟಿದೊಡನೆ ತಲೆ ಒಳಸೇರುತ್ತದೆ. ಇನ್ನೂ ತಾಳ್ಮೆಯಿಂದ ಕಾದರೆ, ಅದೇ ತಲೆ ಈ ಬಾರಿ ಇನ್ನೊಂದು ತುದಿಯಿಂದ ಹೊರಬರುತ್ತದೆ! ನಮ್ಮ ಮನೆಯಲ್ಲಿ ಇದನ್ನು ಗೂಡುಹುಳು ಎನ್ನುತ್ತೇವೆ.

ಪ್ರಾಣಿಶಾಸ್ತ್ರ ನನ್ನ ಪಾಠವಲ್ಲ. ನನ್ನದು ಇತಿಹಾಸ ಮತ್ತು ಅರ್ಥಶಾಸ್ತ್ರ. ಹೀಗಿದ್ದೂ ಈ ಹುಳುವಿನ ಬೆನ್ನು ಹತ್ತಿದುದಕ್ಕೆ ಒಂದು ಕಾರಣ ಉಂಟು. ಅಕ್ಕನ ಮದುವೆಯಲ್ಲಿ ಗದ್ದಿಗೆಗೆ ಹಾಸಬೇಕೆಂದು, ತೀರಿಹೋದ ನಮ್ಮಜ್ಜನ ಕರಿಯ ಕಂಬಳಿಯನ್ನು ಅಜ್ಜಿಯ ಪೆಟ್ಟಿಗೆಯಿಂದ ಹೊರತೆಗೆದರು. ಬಿಡಿಸಿ ನೋಡಿದರೆ ನಡುವೆ ಕೈ ತೂರುವಷ್ಟು ತೂತು. ಸುತ್ತಲೂ ಸಣ್ಣ ಸಣ್ಣ ತೂತುಗಳು. ನೆರೆದವರ ಎದುರಿಗೇ ಅಜ್ಜಿ ಅಮ್ಮನನ್ನು ಹಿಡಿದುಕೊಂಡರು. "ಗೋಡೆ ಗುಡಿಸದೆ ಗೂಡುಹುಳು ಸಾಕಿದೆ, ಅವು ನನ್ನ ಯಜಮಾನನ ಕಂಬಳಿ ತಿಂದವು" ಎಂದರು. ಅಮ್ಮ ಅಡುಗೆಮನೆಗೆ ಹೋದವರು ಊಟದ ಹೊತ್ತಿನವರೆಗೆ ಈಚೆಗೆ ಬರಲಿಲ್ಲ. ಬೇರೊಂದು ಕಂಬಳಿಯನ್ನು ನೆರೆಮನೆಯಿಂದ ತಂದು ಶಾಸ್ತ್ರ ಮುಗಿಸಿದೆವು. ಆ ಹುಳು ನಿಜವಾಗಿಯೂ ಕಂಬಳಿ ತಿಂದಿತೇ ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಬೇಸಗೆಯ ರಜೆಯಲ್ಲಿ ಗಡಿಯಾರ ರಿಪೇರಿಯವರಿಂದ ಒಂದು ಮಸೂರವನ್ನು ಎರವಲು ತಂದೆ. ವಿಜ್ಞಾನ ಕಾಲೇಜಿನ ಅಧ್ಯಾಪಕರೊಬ್ಬರು ಕೃಪೆಮಾಡಿ ಕೆಲವು ಲೇಖನಗಳನ್ನು ಓದಲು ಕೊಟ್ಟರು. ಈ ಬರಹ ಅವೆರಡರ ಫಲ.

ಮೊದಲು ಹೆಸರು. ಗೂಡುಹುಳು ಒಂದು ಸಣ್ಣ ಪತಂಗದ ಮರಿಹುಳು. ಶಾಸ್ತ್ರದಲ್ಲಿ ಅದರ ಕುಲಕ್ಕೆ ಫೆರಿಯೀಕ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಫೆರೆಓಯ್ಕೋಸ್ ಎಂದರೆ 'ಮನೆ ಹೊತ್ತದ್ದು' ಎಂದರ್ಥ. ಪ್ರಾಚೀನ ಕವಿ ಹೆಸಿಯಡ್ ಈ ಮಾತನ್ನು ಬಸವನಹುಳುವಿಗೆ ಬಳಸಿದ್ದಾನೆ. ಬಸವನಹುಳುವಿನ ಮನೆ ಅದರ ಮೈಯಿಂದಲೇ ಬೆಳೆದದ್ದು. ಇದು ಹಾಗಲ್ಲ, ತನ್ನ ಮನೆಯನ್ನು ತಾನೇ ಕಟ್ಟುತ್ತದೆ.

ಕಟ್ಟುವ ರೀತಿಯನ್ನು ಪನಾಮಾದಲ್ಲಿ ಈ ಕುಲದ ಅಲ್ಯುಟೆಲ್ಲ ಎಂಬ ಪ್ರಭೇದವನ್ನು ಸಾಕಿ ನೋಡಿದ ಆನೆಟ್ ಐಯೆಲೊ ಎಂಬವರು 1979ರಲ್ಲಿ ವಿವರವಾಗಿ ಬರೆದಿದ್ದಾರೆ. ಮೊಟ್ಟೆಯೊಡೆದು ಬಂದ ಮರಿ ಆಹಾರವನ್ನು ಮುಟ್ಟುವ ಮೊದಲೇ ಮನೆಯ ಕೆಲಸಕ್ಕೆ ತೊಡಗುತ್ತದೆ. ನೆಲಕ್ಕೆ ಎರಡು ಕಡೆ ಅಂಟಿಸಿದ ರೇಷ್ಮೆಯ ಒಂದು ಕಮಾನು ಮೊದಲು ಏಳುತ್ತದೆ. ಅದರ ಹೊರಮೈಗೆ ಮರಳಿನ ಕಣ, ಮಣ್ಣು, ತುಕ್ಕು, ಸತ್ತ ಕೀಟಗಳ ಚೂರು, ಕೂದಲು, ಸಿಕ್ಕಿದ್ದನ್ನೆಲ್ಲ ಮೆತ್ತುತ್ತದೆ. ಒಳಮೈಗೆ ರೇಷ್ಮೆ ಮಾತ್ರ. ಕಮಾನನ್ನು ಬೆಳೆಸುತ್ತ ಬೆಳೆಸುತ್ತ ಸುರಂಗ ಮಾಡಿ, ಕೊನೆಗೆ ತಳವನ್ನೂ ಮುಚ್ಚಿ ನೆಲದಿಂದ ಬಿಡಿಸಿಕೊಂಡರೆ, ಎರಡು ತುದಿಯೂ ತೆರೆದ ಒಂದು ಕೊಳವೆ ಸಿದ್ಧವಾಯಿತು. ಅನಂತರವೇ ಪ್ರಯಾಣ, ಅನಂತರವೇ ಊಟ. ಪೊರೆ ಕಳಚಿದಂತೆಲ್ಲ ಮನೆಯನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಮೊದಲಿನ ಕೊಳವೆ ದುಂಡಗಿದ್ದರೂ ಬರಬರುತ್ತ ಗೂಡು ಚಪ್ಪಟೆಯಾಗಿ, ನಡುವೆ ಅಗಲವಾಗಿ, ತುದಿಗಳಲ್ಲಿ ಕಿರಿದಾಗುತ್ತದೆ. ನಡುವಿನ ಆ ಅಗಲದಲ್ಲಿಯೇ ಹುಳು ಮೈ ಮಡಿಸಿ ಹಿಂದುಮುಂದಾಗುವುದು. ಪೂರ್ಣ ಬೆಳೆದ ಹುಳುವಿನ ಗೂಡು 8ರಿಂದ 14 ಮಿಲಿಮೀಟರ್ ಉದ್ದ, 3ರಿಂದ 5 ಮಿಲಿಮೀಟರ್ ಅಗಲ. ನಾನು ಅಳೆದ ಹನ್ನೆರಡು ಗೂಡುಗಳಲ್ಲಿ ಯಾವುದೂ ಈ ಎಲ್ಲೆ ಮೀರಿರಲಿಲ್ಲ.

ರೇಷ್ಮೆಯ ಮಾತು ಬಂದುದರಿಂದ ಒಂದು ಹೋಲಿಕೆ. ರಾಮನಗರದ ಮಾರುಕಟ್ಟೆಗೆ ಬುಟ್ಟಿಗಟ್ಟಲೆ ಬರುವ ಗೂಡನ್ನು ಹೆಣೆಯುವ ಹುಳು ಬಾಳಿನ ಕಡೆಯಲ್ಲಿ ಒಮ್ಮೆ ಗೂಡು ಕಟ್ಟಿ ಅದರಲ್ಲಿ ಮಲಗಿಬಿಡುತ್ತದೆ. ಗೋಡೆಯ ಹುಳು ಹುಟ್ಟಿದ ದಿನದಿಂದ ದುಡಿಯುತ್ತದೆ. ಎಳೆ ತೆಗೆಯುವ ಅಂಗ ಎರಡಕ್ಕೂ ಒಂದೇ. ಕೆಳತುಟಿಯ ಬಳಿಯಿರುವ ಸಣ್ಣ ನಳಿಗೆಯಿಂದ ದ್ರವ ಹೊರಬಂದು ದಾರವಾಗುತ್ತದೆ. ಇವೆರಡೂ ಶಲ್ಕದ ರೆಕ್ಕೆಯುಳ್ಳ ಒಂದೇ ಗಣಕ್ಕೆ ಸೇರಿದವು.

ಗೂಡನ್ನು ಜಾಗ್ರತೆಯಾಗಿ ಸೀಳಿ ನೋಡಿದೆ. (ಒಂದನ್ನು ಮಾತ್ರ, ಮತ್ತೆ ಮನಸ್ಸು ಬರಲಿಲ್ಲ.) ಒಳಗಿನ ಹುಳು ಸುಮಾರು 7 ಮಿಲಿಮೀಟರ್ ಇತ್ತು. ತಲೆ ಕಡುಕಂದು, ಎದೆಯ ಮೂರು ಖಂಡಗಳ ಬೆನ್ನಿನ ಮೇಲೆ ಗಟ್ಟಿಯಾದ ಕಂದು ಫಲಕಗಳು, ಮಿಕ್ಕ ಮೈಯೆಲ್ಲ ಬಿಳುಪು, ಮೃದು. ಅರ್ಥ ಸ್ಪಷ್ಟ, ಗೂಡಿನಿಂದ ಹೊರಚಾಚುವ ಭಾಗಕ್ಕಷ್ಟೇ ಕವಚ ಬೇಕು, ಮಿಕ್ಕದ್ದಕ್ಕೆ ಮನೆಯೇ ಕವಚ. ಎದೆಯಲ್ಲಿರುವ ಮೂರು ಜೊತೆ ಕಾಲು ನಡೆಯುವುದಕ್ಕೆ. ಹೊಟ್ಟೆಯ 3, 4, 5, 6 ಮತ್ತು 10ನೆಯ ಖಂಡಗಳಲ್ಲಿ ಒಂದೊಂದು ಜೊತೆ ಮೋಟುಗಾಲುಗಳಿದ್ದು, ಅವುಗಳ ತುದಿಯಲ್ಲಿ ಸೂಕ್ಷ್ಮವಾದ ಕೊಕ್ಕೆಗಳಿವೆ. ಇವುಗಳಿಂದ ಗೂಡನ್ನು ಒಳಗಿನಿಂದ ಕಚ್ಚಿ ಹಿಡಿಯುತ್ತದೆ. ಹುಳುವನ್ನು ತಲೆ ಹಿಡಿದು ಎಳೆದರೂ ಗೂಡಿನಿಂದ ಬೇರ್ಪಡಿಸುವುದು ಸುಲಭವಲ್ಲ.

ಆರೇಳು ಹಂತ ಬೆಳೆದ ಮೇಲೆ ಹುಳು ಗೂಡನ್ನು ಗೋಡೆಗೆ ರೇಷ್ಮೆಯಿಂದ ಎರಡು ತುದಿಯಲ್ಲೂ ಕಟ್ಟಿ, ಒಂದು ತುದಿಯನ್ನು ಸ್ವಲ್ಪ ಸೀಳಿ ತೆಳ್ಳಗೆ ಮಾಡಿ, ಒಳಗೆ ಕೋಶಾವಸ್ಥೆಗೆ ಸೇರುತ್ತದೆ. ತೆಳ್ಳಗಾದ ತುದಿ ಕವಾಟದಂತೆ ಕೆಲಸ ಮಾಡುತ್ತದೆ. ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ಮುಚ್ಚಿಯೇ ಇರುತ್ತದೆ. ಸುಮಾರು ಹದಿನೈದು ದಿನಗಳಲ್ಲಿ ಪತಂಗ ಹೊರಬೀಳುತ್ತದೆ. ಕೋಶದ ಬರಿಯ ಸಿಪ್ಪೆ ಆ ಕವಾಟದಲ್ಲಿ ಅರ್ಧ ಹೊರಚಾಚಿಕೊಂಡು ನಿಂತಿರುತ್ತದೆ.

ಪತಂಗವನ್ನು ನೋಡಿದವರು ಕಡಿಮೆ, ನೋಡಿದರೂ ಗೂಡುಹುಳುವಿಗೂ ಅದಕ್ಕೂ ಸಂಬಂಧ ಕಲ್ಪಿಸಿದವರು ಇನ್ನೂ ಕಡಿಮೆ. ಹೆಣ್ಣು ರೆಕ್ಕೆ ಬಿಚ್ಚಿದರೆ 10ರಿಂದ 13 ಮಿಲಿಮೀಟರ್. ಗಂಡು ಅದಕ್ಕಿಂತ ಚಿಕ್ಕದು. ಬೂದು ಬಣ್ಣ, ಮುಂದಿನ ರೆಕ್ಕೆಗಳ ಮೇಲೆ ನಾಲ್ಕರವರೆಗೆ ಕಪ್ಪು ಚುಕ್ಕೆಗಳು. ಹಿಂದಿನ ರೆಕ್ಕೆ ಕಿರಿದು, ಅದರ ಅಂಚಿಗೆ ಉದ್ದನೆಯ ಕೂದಲಿನಂಥ ಶಲ್ಕಗಳ ಜಾಲರಿ. ಇಷ್ಟು ಸಣ್ಣ ಜೀವಿಗಳಲ್ಲಿ ರೆಕ್ಕೆಗಿಂತ ಜಾಲರಿಯೇ ಹೆಚ್ಚು. ತಲೆಯ ಮೇಲೆ ಶಲ್ಕಗಳು ನಯವಾಗಿ ಮಲಗದೆ, ನಿದ್ದೆಯಿಂದೆದ್ದ ಹುಡುಗನ ತಲೆಯಂತೆ ಕೆದರಿ ನಿಂತಿರುತ್ತವೆ. ಮಸೂರದಲ್ಲಿ ನೋಡಿ ನಕ್ಕೆ; ಆಮೇಲೆ ತಿಳಿಯಿತು, ನಗುವಂಥದಲ್ಲ, ಅದೇ ಕುಟುಂಬದ ಗುರುತು. ಟೀನಿಯಿಡೀ ಎಂಬ ಈ ಕುಟುಂಬದಲ್ಲಿ ಸುಮಾರು ಮೂರು ಸಾವಿರ ಪ್ರಭೇದಗಳಿವೆ. ಕೆದರಿದ ತಲೆ, ಕೆಳತುಟಿಯ ಸ್ಪರ್ಶಾಂಗದ ಎರಡನೆಯ ಗಿಣ್ಣಿನಿಂದ ಪಕ್ಕಕ್ಕೆ ಚಾಚಿದ ಬಿರುಗೂದಲುಗಳು, ಮೊಟಕಾದ ಅಥವಾ ಇಲ್ಲವೇ ಇಲ್ಲದ ಹೀರುನಾಳ, ಇವು ಆ ಕುಟುಂಬದ ಲಕ್ಷಣಗಳು. ಹೂವಿನ ಮಕರಂದ ಇವುಗಳ ಪಾಲಿನದಲ್ಲ. ಗೂಡುಹುಳುವಿನ ಪತಂಗವಂತೂ ಏನನ್ನೂ ತಿನ್ನುವುದಿಲ್ಲ. ಬಾಳಿನ ಊಟವೆಲ್ಲ ಹುಳುವಾಗಿದ್ದಾಗಲೇ ಮುಗಿದಿರುತ್ತದೆ. ಹೆಣ್ಣಿನ ಹೊಟ್ಟೆಯ ತುದಿ ದುರ್ಬೀನಿನ ಕೊಳವೆಯಂತೆ ಒಂದರೊಳಗಿಂದ ಒಂದು ಹೊರಬಂದು ಉದ್ದವಾಗುತ್ತದೆ. ಬಿರುಕಿನೊಳಕ್ಕೆ ಮೊಟ್ಟೆಯನ್ನು ಸೇರಿಸುವುದಕ್ಕೆ ಈ ಏರ್ಪಾಡು.

ಇನ್ನು ವರ್ಗೀಕರಣ. ಇದು ಒಣ ವಿಷಯವೆಂದು ಮಿತ್ರರು ಹೇಳಿದರು. ನನಗೆ ಹಾಗೆ ಕಾಣಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಇದೂ ಒಂದು ವಂಶಾವಳಿಯ ವ್ಯಾಜ್ಯವೇ.

1758ರಲ್ಲಿ ಲಿನೀಯಸ್ ಹೆಚ್ಚಿನ ಪತಂಗಗಳನ್ನು ಫಲೀನ ಎಂಬ ಒಂದೇ ಕುಲದಲ್ಲಿ ಹಾಕಿ, ಒಳಗೆ ಗುಂಪುಗಳನ್ನು ಮಾಡಿದನು. ಸಣ್ಣ ಪತಂಗಗಳ ಗುಂಪಿಗೆ ಟೀನಿಯ ಎಂದು ಹೆಸರಿಟ್ಟನು. ಹೆಸರನ್ನು ನೋಡಿದೊಡನೆಯೇ ಗುಂಪು ತಿಳಿಯಲೆಂದು ಅವನು ಒಂದು ಉಪಾಯ ಮಾಡಿದನು. ಟೀನಿಯಗಳ ಹೆಸರುಗಳೆಲ್ಲ 'ಎಲ್ಲ' ಎಂದು ಮುಗಿಯಬೇಕು, ಇತರ ಗುಂಪುಗಳ ಹೆಸರಿಗೆ ಬೇರೆ ಬೇರೆ ಪ್ರತ್ಯಯಗಳು. ಬಟ್ಟೆ ತಿನ್ನುವ ಪತಂಗಕ್ಕೆ ಪೆಲ್ಲಿಯೊನೆಲ್ಲ ಎಂದಿಟ್ಟ ಹೆಸರು ಅವನದೇ. ಲ್ಯಾಟಿನ್ನಿನಲ್ಲಿ ಪೆಲ್ಲಿಯೊ ಎಂದರೆ ತುಪ್ಪುಳುದೊಗಲಿನ ಕಸುಬಿನವನು. ನಮ್ಮ ವ್ಯಾಕರಣದ ಪ್ರತ್ಯಯಗಳಂತೆ ಈ 'ಎಲ್ಲ' ಇಂದಿಗೂ ಉಳಿದುಬಂದಿದೆ.

ನಮ್ಮ ಗೂಡುಹುಳುವಿನ ಕುಲದ ಯುಟೆರೆಲ್ಲ ಎಂಬ ಪ್ರಭೇದವನ್ನು 1897ರಲ್ಲಿ ವಿವರಿಸಿದವನು ಇಂಗ್ಲೆಂಡಿನ ಆರನೆಯ ಲಾರ್ಡ್ ವಾಲ್ಸಿಂಗಮ್. ವೆಸ್ಟ್ ಇಂಡೀಸ್ ದ್ವೀಪಗಳ ಸಣ್ಣ ಪತಂಗಗಳನ್ನು ಕುರಿತು ಬರೆದಾಗ ಇದಕ್ಕೆ ಹೆಸರು ಕೊಟ್ಟನು. ಈ ಮಹಾಶಯನ ಬಗ್ಗೆ ಒಂದು ಮಾತು ಹೇಳದಿರಲಾರೆ. 1888ರ ಆಗಸ್ಟ್ 30ರಂದು ಒಂದೇ ದಿನದಲ್ಲಿ, ಒಬ್ಬನೇ, 1070 ಗ್ರೌಸ್ ಹಕ್ಕಿಗಳನ್ನು ಹೊಡೆದುರುಳಿಸಿ ಹೆಸರಾದವನು ಈತ. ಅದೇ ಕೈ ಉಗುರಿಗಿಂತ ಚಿಕ್ಕ ಪತಂಗದ ರೆಕ್ಕೆಯನ್ನು ಮುರಿಯದೆ ಸೂಜಿಯ ಮೇಲೆ ಬಿಡಿಸಿಡುತ್ತಿತ್ತು. ಮನುಷ್ಯನ ವರ್ಗೀಕರಣ ಪತಂಗದ ವರ್ಗೀಕರಣಕ್ಕಿಂತ ಕಷ್ಟ.

ವಾಲ್ಸಿಂಗಮ್ ಅದನ್ನು ಟೀನಿಯೋಲ ಎಂಬ ಕುಲದಲ್ಲಿ ಸೇರಿಸಿದನು. ಟೀನಿಯೋಲದ ಪ್ರಸಿದ್ಧ ಪ್ರಭೇದ ಬಟ್ಟೆಯ ಪತಂಗ. ಅದರ ಹುಳು ಹೊತ್ತು ತಿರುಗುವ ಗೂಡನ್ನೇ ಕಟ್ಟುವುದಿಲ್ಲ, ಬಟ್ಟೆಗಂಟಿದ ರೇಷ್ಮೆಯ ಸುರಂಗದಲ್ಲಿರುತ್ತದೆ. ಮನೆ ಹೊತ್ತದ್ದೂ ಹೊರದ್ದೂ ಒಂದೇ ಕುಲದಲ್ಲಿ ಬಹುಕಾಲ ಇದ್ದವು. 1956ರಲ್ಲಿ ಹಿಂಟನ್ ಮತ್ತು ಬ್ರಾಡ್ಲಿ ಎಂಬ ಇಬ್ಬರು ಗೂಡುಹುಳುವಿಗೆ ಪ್ರತ್ಯೇಕ ಕುಲವನ್ನು ಮಾಡಿ ಫೆರಿಯೀಕ ಎಂದು ಕರೆದರು. ಹಿಂಟನ್ ಮರಿಹುಳುಗಳ ಮೈಮೇಲಿನ ಒಂದೊಂದು ರೋಮಕ್ಕೂ ಸ್ಥಾನ ಗುರುತಿಸಿ ಹೆಸರು ಕೊಟ್ಟ ವಿದ್ವಾಂಸ. ಹೆಸರು ಬದಲಾದರೂ ಬಳಕೆ ತಡವಾಗಿ ಬದಲಾಗುತ್ತದೆ. ಫ್ಲಾರಿಡದವರು ತಮ್ಮ ಗೋಡೆಯ ಹುಳುವನ್ನು ಟೀನಿಯೋಲ ವಾಲ್ಸಿಂಗಮಿ ಎಂದೇ ಅನಂತರವೂ ಬರೆದರು.

ಯಾವ ಲಕ್ಷಣವನ್ನು ನಂಬಬೇಕು ಎಂಬುದೇ ಈ ಶಾಸ್ತ್ರದ ತಿರುಳು. ಇಂಗ್ಲೆಂಡಿನಲ್ಲಿ ಶಾಲಾ ಉಪಾಧ್ಯಾಯನಾಗಿದ್ದ ಎಡ್ವರ್ಡ್ ಮೇರಿಕ್ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ವಿವರಿಸಿದನು. ಅವನ ಪುಟಗಳಲ್ಲಿ ನಮ್ಮ ಕಾರವಾರ, ಕೊಡಗುಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಅಲ್ಲಿಂದ ಹಿಡಿದು ಕಳುಹಿಸಿದ ಪತಂಗಗಳು ಅವನ ಮೇಜಿಗೆ ಹೋಗುತ್ತಿದ್ದವು. ಅವನು ರೆಕ್ಕೆಯ ನರಗಳ ಕವಲುಗಳನ್ನು ನಂಬಿದನು, ಜನನಾಂಗಗಳ ಪರೀಕ್ಷೆಯನ್ನು ಒಪ್ಪಲಿಲ್ಲ. ಕಾಲ ಅವನ ಪಕ್ಷಕ್ಕೆ ಬರಲಿಲ್ಲ. ಹೊರಗಿನ ಬಣ್ಣ ಚುಕ್ಕೆಗಳು ಒಂದೇ ಆಗಿದ್ದರೂ ಜನನಾಂಗಗಳ ಗಟ್ಟಿ ಭಾಗಗಳು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುತ್ತವೆ. ಪತಂಗದ ಹೊಟ್ಟೆಯನ್ನು ಕ್ಷಾರದ ದ್ರಾವಣದಲ್ಲಿ ಕಾಯಿಸಿದರೆ ಮೃದುಭಾಗ ಕರಗಿ ಅವು ಉಳಿಯುತ್ತವೆ, ಸೂಕ್ಷ್ಮದರ್ಶಕದಲ್ಲಿ ಓದಬಹುದು. ಲಂಡನ್ನಿನಲ್ಲಿದ್ದ ಮೇರಿಕನ ಮಾದರಿಗಳನ್ನೇ ಹೀಗೆ ಪರೀಕ್ಷಿಸಿ ಗೇಟ್ಸ್ ಕ್ಲಾರ್ಕ್ 1955ರಿಂದ 1970ರವರೆಗೆ ಎಂಟು ಸಂಪುಟಗಳನ್ನು ಹೊರತಂದನು. 1979ರಲ್ಲಿ ಗೇಡನ್ ರಾಬಿನ್ಸನ್ ಬಟ್ಟೆಯ ಟೀನಿಯಗಳನ್ನು ಪರಿಷ್ಕರಿಸಿದಾಗ, ಎಲ್ಲರೂ ಪೆಲ್ಲಿಯೊನೆಲ್ಲ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದುದರಲ್ಲಿ ಹಲವು ಪ್ರಭೇದಗಳು ಅಡಗಿದ್ದುದು ಕಂಡಿತು. ನನ್ನ ಬಳಿ ಮಸೂರ ಮಾತ್ರ ಇದ್ದುದರಿಂದ ನಮ್ಮ ಗೋಡೆಯದನ್ನು ಫೆರಿಯೀಕ ಎಂದು ಕುಲದ ಹೆಸರಿನಿಂದಷ್ಟೇ ಬರೆದು ನಿಲ್ಲಿಸಿದ್ದೇನೆ.

ಈಗ ಕಂಬಳಿಗೆ ಬರೋಣ. ಅದನ್ನು ಅಂಗಳದಲ್ಲಿ ಹಾಸಿ ಮಡಿಕೆ ಮಡಿಕೆಯಾಗಿ ಹುಡುಕಿದೆ. ಏಳು ಗೂಡುಗಳು ಸಿಕ್ಕಿದವು. ಎಲ್ಲವೂ ಕಪ್ಪು, ಉಣ್ಣೆಯ ಎಳೆಗಳಿಂದ ಕಟ್ಟಿದವು. ಗೋಡೆಯವು ಬೂದು, ಮರಳಿನವು. ತಕ್ಷಣ ಅಮ್ಮನ ಬಳಿ ಓಡಿ, "ಗೋಡೆಯ ಹುಳು ಬೇರೆ, ಕಂಬಳಿಯ ಹುಳು ಬೇರೆ" ಎಂದು ಹೇಳಿಬಿಟ್ಟೆ.

ಅದು ಅವಸರದ ತೀರ್ಪು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ರೆಯೊಮೂರ್ ಬಟ್ಟೆಯ ಹುಳುಗಳನ್ನು ಬೇರೆ ಬೇರೆ ಬಣ್ಣದ ಉಣ್ಣೆಯ ಮೇಲೆ ಬಿಟ್ಟು ನೋಡಿದ್ದನು. ಹುಳು ಯಾವ ಬಣ್ಣದ ಉಣ್ಣೆಯ ಮೇಲಿದೆಯೋ ಆ ಬಣ್ಣದ ಎಳೆಯನ್ನು ಗೂಡಿನ ತುದಿಗಳಿಗೆ ಸೇರಿಸುತ್ತದೆ. ಅಗಲ ಬೇಕಾದಾಗ ಉದ್ದಕ್ಕೆ ಸೀಳಿ ನಡುವೆ ಹೊಸ ಪಟ್ಟಿಯನ್ನು ಕೂಡಿಸುತ್ತದೆ. ಗೂಡಿನ ಮೇಲಿನ ಬಣ್ಣದ ಪಟ್ಟೆಗಳಿಂದಲೇ ಕಟ್ಟಿದ ಕ್ರಮವನ್ನು ಅವನು ಓದಿಕೊಂಡನು. ಇದನ್ನು ಓದಿದಾಗ ನನ್ನ ಸಾಕ್ಷ್ಯ ಕುಸಿಯಿತು. ಬಣ್ಣ ಕುಲದ್ದಲ್ಲ, ಸ್ಥಳದ್ದು.

ಆದುದರಿಂದ ಗೋಡೆಯ ಹುಳುಗಳನ್ನು ಮೂರು ಗಾಜಿನ ಸೀಸೆಗಳಲ್ಲಿ ಇಟ್ಟೆ. ಒಂದರಲ್ಲಿ ಹತ್ತಿಯ ಬಟ್ಟೆ, ಒಂದರಲ್ಲಿ ಹಳೆಯ ಜೇಡರ ಬಲೆ, ಒಂದರಲ್ಲಿ ಕಂಬಳಿಯ ಕರಿಯ ಎಳೆ. ಹತ್ತಿಯನ್ನು ಮುಟ್ಟಲಿಲ್ಲ. ಬಲೆಯನ್ನು ತಿಂದವು. ಉಣ್ಣೆಯನ್ನೂ, ಹೇಳಲು ಸಂಕೋಚವಾಗುತ್ತದೆ, ತಿಂದವು. ಇದಕ್ಕೆ ಕಾರಣವಿದೆ. ಜೇಡರ ಬಲೆಯೂ ಉಣ್ಣೆಯೂ ಪ್ರೋಟೀನು. ಹತ್ತಿ ಗಿಡದ ಸೆಲ್ಯುಲೋಸು. ಉಣ್ಣೆಯ ಕೆರಾಟಿನ್ ಗಂಧಕದ ಸೇತುವೆಗಳಿಂದ ಬಿಗಿದ ವಸ್ತು. ನಮ್ಮ ಹೊಟ್ಟೆ ಅದನ್ನು ಕರಗಿಸಲಾರದು. ಬಟ್ಟೆಯ ಪತಂಗದ ಹುಳು ಅದನ್ನು ಹೇಗೆ ಕರಗಿಸುತ್ತದೆಂಬುದನ್ನು 1930ರ ದಶಕದಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಶೋಧಿಸಿದರು. ಅದರ ಕರುಳಿನ ನಡುಭಾಗ ಬಲವಾದ ಕ್ಷಾರ, ಅಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆ ಸ್ಥಿತಿಯಲ್ಲಿ ಗಂಧಕದ ಸೇತುವೆಗಳು ಮುರಿದು ಉಣ್ಣೆ ಜೀರ್ಣವಾಗುತ್ತದೆ.

ಮೂರು ವಾರಗಳಲ್ಲಿ ಉಣ್ಣೆಯ ಸೀಸೆಯ ಗೂಡುಗಳ ತುದಿಗಳು ಕಪ್ಪಾದವು, ರೆಯೊಮೂರ್ ಹೇಳಿದಂತೆಯೇ. ಆದರೆ ಆಕಾರ ಬದಲಾಗಲಿಲ್ಲ. ಮರಳಿನಿಂದ ಕಟ್ಟಿದರೂ ಉಣ್ಣೆಯಿಂದ ಕಟ್ಟಿದರೂ ಗೋಡೆಯ ಹುಳು ಕಟ್ಟಿದ್ದು ಚಪ್ಪಟೆಯಾದ, ನಡುವೆ ಅಗಲವಾದ ಸೌತೆಬೀಜವನ್ನೇ. ಕಂಬಳಿಯಲ್ಲಿ ಸಿಕ್ಕಿದ ಏಳನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ಏಳೂ ಜೀರಿಗೆಯಂತೆ ದುಂಡನೆಯ ಕೊಳವೆಗಳು, ತುದಿಯಿಂದ ತುದಿಗೆ ಒಂದೇ ಅಗಲ. ಅವುಗಳಲ್ಲಿ ಎರಡರಿಂದ ಪತಂಗ ಹೊರಬಂದಿತು. ಅದಕ್ಕೂ ಬೂದು ರೆಕ್ಕೆ, ಅದಕ್ಕೂ ಕಪ್ಪು ಚುಕ್ಕೆ, ಅದಕ್ಕೂ ಕೆದರಿದ ತಲೆ. ಅಷ್ಟರಿಂದ ಯಾರೂ ಬೇರ್ಪಡಿಸಲಾರರು. ದುಂಡು ಕೊಳವೆಯ ಗೂಡು ಮಾತ್ರ ಅದು ಟೀನಿಯ ಕುಲದ್ದೆಂದು ಹೇಳುತ್ತಿತ್ತು. ಅಂದರೆ ಗೋಡೆಯ ಹುಳು ಕಂಬಳಿಯನ್ನು ತಿನ್ನಬಲ್ಲದು. ಈ ಕಂಬಳಿಯನ್ನು ತಿಂದದ್ದು ಮಾತ್ರ ಅದಲ್ಲ.

ಹಾಗಾದರೆ ಟೀನಿಯ ಎಲ್ಲಿಂದ ಬಂತು? ಅಜ್ಜಿ ಸಂತೆಗೆ ಹೋಗಿದ್ದ ದಿನ ಪೆಟ್ಟಿಗೆಯ ಒಳಮೂಲೆಗಳನ್ನು ನೋಡಿದೆ. ಅಲ್ಲಿ ಅದೇ ಜೀರಿಗೆಯಾಕಾರದ ಗೂಡುಗಳು, ಬರಿದಾದವು, ಇಪ್ಪತ್ತಕ್ಕೂ ಮೇಲಿದ್ದವು. ಅಜ್ಜ ತೀರಿದ ಮೇಲೆ ಆ ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟವನ್ನು ಬಿಟ್ಟು ಕದಲಿರಲಿಲ್ಲ. ನಾಲ್ಕು ವರ್ಷ ಕಂಬಳಿಗೆ ಬಿಸಿಲು ಬಿದ್ದಿರಲಿಲ್ಲ. ಕತ್ತಲೆ, ನಿಶ್ಚಲತೆ, ಉಣ್ಣೆ, ಈ ಹುಳುಗಳಿಗೆ ಬೇಕಾದದ್ದೆಲ್ಲ ಅಲ್ಲಿತ್ತು.

ಹೇಳುವುದೋ ಬಿಡುವುದೋ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಎರಡು ಬಗೆಯ ಗೂಡುಗಳನ್ನು ಒಂದು ಬಿಳಿಯ ಕಾಗದದ ಮೇಲಿಟ್ಟು ಮಸೂರವನ್ನು ಅಜ್ಜಿಯ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. "ಇದು ಬೀಜ, ಇದು ಜೀರಿಗೆ" ಎಂದರು, ನಾನು ಏನೂ ಹೇಳುವ ಮೊದಲೇ. ಜೀರಿಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಹೇಳಿದೆ. ಅವರು ಕಾಗದವನ್ನು ಹಿಂದಕ್ಕೆ ಕೊಟ್ಟು ಸುಮ್ಮನಾದರು. ಮಾರನೆಯ ದಿನ ಬೆಳಿಗ್ಗೆ ಪೆಟ್ಟಿಗೆ ಬಾಯಿ ತೆರೆದುಕೊಂಡು ಅಂಗಳದ ಬಿಸಿಲಿನಲ್ಲಿತ್ತು. ಅಜ್ಜಿಯೂ ಅಮ್ಮನೂ ಕಂಬಳಿಯ ಒಂದೊಂದು ತುದಿ ಹಿಡಿದು ಕೊಡವುತ್ತಿದ್ದರು.

ಜೇಡರ ಬಲೆಯ ಸೀಸೆಯಲ್ಲಿ ಒಂದು ಗೂಡು ಗಾಜಿಗೆ ಅಂಟಿ ನಿಂತಿತ್ತು. ಹದಿನಾರನೆಯ ದಿನ ನಡುಮಧ್ಯಾಹ್ನ ಅದರ ತೆಳ್ಳನೆಯ ತುದಿ ತೆರೆದು ಪತಂಗ ಹೊರಬಂದಿತು. ರೆಕ್ಕೆ ಆರುವವರೆಗೆ ಕಾದು, ಸೀಸೆಯ ಮುಚ್ಚಳ ತೆಗೆದು ಬಚ್ಚಲ ಗೋಡೆಯ ಬಳಿ ಬಿಟ್ಟೆ.